ರಾಗಿ ತೂರುವ ದೃಶ್ಯ: ಕಾಳೂ ಹೊಟ್ಟೂ ಒಟ್ಟಿಗೇ ಹಾರುತ್ತಿವೆ. ಡೈನಾಮಿಕ್ಸ್ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಕಣದ_ಹುಡುಗ

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಮಾಯಾ ಎಂಬ ತ್ರೀಡಿ ಅನಿಮೇಶನ್ ತಂತ್ರಾಂಶ ಕಲಿಯುತ್ತಿದ್ದೇನೆ. ಮಾಡೆಲಿಂಗ್, ಟೆಕ್ಸ್ಚರ್, ಲೈಟಿಂಗ್ ಮಟ್ಟಿಗೆ ಪರವಾಗಿಲ್ಲ ಎನ್ನುವ ಧೈರ್ಯ ಬಂದಿದೆ. ಡಿಪ್ಲೊಮಾದ ಕೊನೆಯ ಪ್ರಾಜೆಕ್ಟ್‌ಗೆ, ನಮ್ಮೂರಿನ ಕಣದಲ್ಲಿ ಅಜ್ಜಿಯೊಬ್ಬಳು ಮೊರ ಎತ್ತಿ ರಾಗಿ ತೂರುವ ಹತ್ತು ಸೆಕೆಂಡಿನ ದೃಶ್ಯವನ್ನು ಆರಿಸಿಕೊಂಡೆ. ಪಾರ್ಟಿಕಲ್‌ಗೂ ಕಣ ಎನ್ನುತ್ತೇವೆ, ತೂರುವ ಜಾಗಕ್ಕೂ ಕಣ ಎನ್ನುತ್ತೇವೆ ಎಂಬ ಚಮತ್ಕಾರಕ್ಕೆ ಮರುಳಾಗಿ ಒಪ್ಪಿಕೊಂಡ ಕೆಲಸ ಇದು. ಈಗ ಕುತ್ತಿಗೆಗೆ ಬಂದಿದೆ.

ಎನ್‌ಪಾರ್ಟಿಕಲ್ (ಮಾಯಾದ ಕಣ ವ್ಯವಸ್ಥೆ) ಬಳಸಿ ಮೊರದಿಂದ ಕಾಳು ಮತ್ತು ಹೊಟ್ಟು ಎರಡನ್ನೂ ಹೊರಡಿಸಿದ್ದೇನೆ. ಮೊದಲ ತೊಂದರೆ ಏನೆಂದರೆ ಎಲ್ಲವೂ ನೀರಿನಲ್ಲಿ ಮುಳುಗುತ್ತಿರುವಂತೆ ತೇಲಿಕೊಂಡು ಇಳಿಯುತ್ತವೆ. ಗಾಳಿಗಾಗಿ ಯೂನಿಫಾರ್ಮ್ ಫೀಲ್ಡ್ ಹಾಕಿದರೆ ಮೊದಲ ಸೆಕೆಂಡಿನಲ್ಲಿ ಏನೂ ಆಗುವುದಿಲ್ಲ, ಮೂರನೆಯ ಸೆಕೆಂಡಿನ ಹೊತ್ತಿಗೆ ಕಾಳು, ಹೊಟ್ಟು ಎರಡೂ ರಾಕೆಟ್ಟಿನಂತೆ ಚೌಕಟ್ಟಿನ ಆಚೆ ಓಡುತ್ತವೆ. ವೇಗ ತಗ್ಗಿಸಲು ಕನ್ಸರ್ವ್ ಮೌಲ್ಯವನ್ನು (ಪ್ರತಿ ಫ್ರೇಮಿಗೆ ಕಣದ ವೇಗ ಎಷ್ಟು ಉಳಿಯಬೇಕೆಂಬ ಅಂಕಿ) ಇಳಿಸಿದೆ, ಆಗ ಬೀಳುವುದೂ ನಿಂತುಹೋಯಿತು. ಇವೆಲ್ಲದರ ಜೊತೆಗೆ ಕಾಳುಗಳ ಗಾತ್ರ ಪ್ರತಿ ಫ್ರೇಮಿನಲ್ಲೂ ಬದಲಾಗಿ ಮಿಣುಕುತ್ತಿದೆ.

ನಾವು ಕಲಿಯುವಲ್ಲಿ 'ಅಡ್ವಾನ್ಸ್ಡ್ ಡೈನಾಮಿಕ್ಸ್' ಎಂಬ ಹೆಸರಿನಲ್ಲಿ ಆರು ವಾರ ಪಾಠವೇನೋ ಆಯಿತು. ಬೆಂಕಿ, ಮಳೆ, ಪಟಾಕಿ ಇವುಗಳ ಸಿದ್ಧ ಮಾದರಿಗಳನ್ನು ತೆರೆದು ಯಾವ ಗುಂಡಿ ಎಲ್ಲಿದೆ ಎಂದು ತೋರಿಸಿದರೇ ಹೊರತು, ಆ ಗುಂಡಿಯನ್ನು ಯಾವಾಗ ಮತ್ತು ಏಕೆ ತಿರುಗಿಸಬೇಕು ಎಂದು ಯಾರೂ ಹೇಳಲಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರವನ್ನು ಹೇಗೋ ದಾಟಿದವನು ನಾನು. ಹೂಡಿನಿ ಎಂಬ ಎಫೆಕ್ಟ್ಸ್ ತಂತ್ರಾಂಶಕ್ಕೆ ಹೋಗಬೇಕೇ? ಭೌತಶಾಸ್ತ್ರವನ್ನು ಮತ್ತೆ ಓದಬೇಕೇ? ಅಥವಾ ಈ ದೃಶ್ಯವನ್ನೇ ಬಿಟ್ಟು ಪಟಾಕಿ ಹಾರಿಸಿ ಅಂಕ ತೆಗೆದುಕೊಳ್ಳಲೇ?

ಬ್ಲೆಂಡರ್_ಬಂಟ

ಬ್ಲೆಂಡರ್‌ಗೆ ಬನ್ನಿ. ಉಚಿತ ತಂತ್ರಾಂಶ, ಹಣವೂ ಉಳಿಯುತ್ತದೆ, ತಲೆನೋವೂ ಉಳಿಯುವುದಿಲ್ಲ.

ಗಂಟುಗಾರ

ಬಂಟರೇ, ಯಾವ ಪ್ರಶ್ನೆಗೂ ನಿಮ್ಮದು ಒಂದೇ ಉತ್ತರ. ಈ ತಪ್ಪನ್ನು ಮಾಡುವವನು ಯಾವ ತಂತ್ರಾಂಶಕ್ಕೆ ಹೋದರೂ ಅದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತಾನೆ.

ಕಣದ ಹುಡುಗರೇ, ಎರಡೇ ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ದೃಶ್ಯದಲ್ಲಿ ಅಜ್ಜಿ ಎಷ್ಟು ಯೂನಿಟ್ ಎತ್ತರ ಇದ್ದಾಳೆ? ಗಾಳಿಯನ್ನು ಪೂರ್ತಿ ತೆಗೆದು ಒಂದೇ ಒಂದು ಕಾಳನ್ನು ಮೊರದಿಂದ ಬಿಟ್ಟರೆ ಅದು ನೆಲ ಮುಟ್ಟಲು ಎಷ್ಟು ಫ್ರೇಮ್ ಬೇಕಾಗುತ್ತದೆ?

ಕಣದ_ಹುಡುಗ

ಅಜ್ಜಿ 150 ಯೂನಿಟ್. ಎತ್ತಿದ ಮೊರ ನೆಲದಿಂದ 180 ಯೂನಿಟ್ ಮೇಲಿದೆ. ಕನ್ಸರ್ವ್ ಅನ್ನು ಮತ್ತೆ 1ಕ್ಕೆ ತಂದು ಈಗಷ್ಟೇ ಎಣಿಸಿದೆ, 24 ಫ್ರೇಮಿನ ಲೆಕ್ಕದಲ್ಲಿ ಸುಮಾರು 145 ಫ್ರೇಮ್ ಆಯಿತು.

ಗಂಟುಗಾರ

ಊಹಿಸಿದ್ದೆ. ನೀವು ಮಾಡೆಲ್ ಮಾಡಿರುವುದು ಸೆಂಟಿಮೀಟರಿನಲ್ಲಿ. ಮಾಯಾದಲ್ಲಿ ಚಲನೆಯ ಲೆಕ್ಕ ಹಾಕುವ ನ್ಯೂಕ್ಲಿಯಸ್ ಸಾಲ್ವರ್ ಮಾತ್ರ, ನೀವು ಬೇರೆ ಹೇಳದ ಹೊರತು, ಒಂದು ಯೂನಿಟ್ ಎಂದರೆ ಒಂದು ಮೀಟರ್ ಎಂದು ತಿಳಿಯುತ್ತದೆ. ಅಂದರೆ ಅದರ ಕಣ್ಣಿಗೆ ನಿಮ್ಮ ಅಜ್ಜಿ 150 ಮೀಟರ್ ಎತ್ತರದ ರಾಕ್ಷಸಿ, ಕಾಳು ಬೀಳುತ್ತಿರುವುದು 180 ಮೀಟರ್ ಮೇಲಿನಿಂದ. ಗುರುತ್ವ 9.8 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ 180 ಮೀಟರ್ ಬೀಳಲು ಆರು ಸೆಕೆಂಡು, ಅಂದರೆ ನೀವು ಎಣಿಸಿದ ಅದೇ 145 ಫ್ರೇಮ್. ನಿಜವಾದ 1.8 ಮೀಟರಿಗೆ ಬೇಕಾಗುವುದು 0.6 ಸೆಕೆಂಡು, 14 ಅಥವಾ 15 ಫ್ರೇಮ್. ದೂರದಲ್ಲಿ ನೂರು ಪಟ್ಟು ತಪ್ಪಾದರೆ ಕಾಲದಲ್ಲಿ ಅದರ ವರ್ಗಮೂಲದಷ್ಟು, ಅಂದರೆ ಹತ್ತು ಪಟ್ಟು ತಪ್ಪಾಗುತ್ತದೆ. ನಿಮಗೆ ತೇಲಿದಂತೆ ಕಂಡದ್ದು ಇದೇ.

ನ್ಯೂಕ್ಲಿಯಸ್ ನೋಡಿನಲ್ಲಿ (ನೋಡ್ ಎಂದರೆ ಒಂದು ಕೆಲಸದ ಸೆಟ್ಟಿಂಗುಗಳ ಪೆಟ್ಟಿಗೆ) ಸ್ಪೇಸ್ ಸ್ಕೇಲ್ ಎಂಬ ಮೌಲ್ಯವಿದೆ, ಅದನ್ನು 1ರಿಂದ 0.01ಕ್ಕೆ ಇಳಿಸಿ. ಹೂಡಿನಿಯಲ್ಲೂ ಬ್ಲೆಂಡರ್‌ನಲ್ಲೂ ಒಂದು ಯೂನಿಟ್ ಎಂದರೆ ಒಂದು ಮೀಟರ್ ಎಂದೇ ರೂಢಿಯಾದ್ದರಿಂದ ಅಲ್ಲಿ ಮಾಡೆಲನ್ನೇ ಮೀಟರಿನಲ್ಲಿ ತರಬೇಕು. ಗುರುತ್ವವನ್ನು 980 ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆಗ ಬೀಳುವುದೊಂದು ಸರಿಯಾಗಬಹುದು, ಗಾಳಿ ಮತ್ತು ಬಟ್ಟೆ ಹಾಗೇ ತಪ್ಪಾಗಿ ಉಳಿಯುತ್ತವೆ.

ಮೂರನೇ_ಪಾಳಿ

ಈ ಒಂದು ಅಂಕಿಗೆ ನಾನು ವೃತ್ತಿಯ ಮೊದಲ ವರ್ಷದಲ್ಲಿ ಇಡೀ ಒಂದು ವಾರವನ್ನು ಆಹುತಿ ಕೊಟ್ಟಿದ್ದೇನೆ.

ಪಂಪಾತೀರ

ಇದೇ ವರ್ಗಮೂಲದ ನಿಯಮವನ್ನು ಕಂಪ್ಯೂಟರ್ ಬರುವ ಮೊದಲು ಮಿನಿಯೇಚರ್ ಚಿತ್ರೀಕರಿಸುತ್ತಿದ್ದವರು ತಿರುಗಿಸಿ ಬಳಸುತ್ತಿದ್ದರು. ಹದಿನಾರನೇ ಒಂದು ಅಳತೆಯ ಅಣೆಕಟ್ಟಿನ ಮಾದರಿ ಒಡೆಯಬೇಕಾದರೆ ಕ್ಯಾಮೆರಾವನ್ನು ನಾಲ್ಕು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 96 ಫ್ರೇಮಿನಲ್ಲಿ ಓಡಿಸಿ 24ರಲ್ಲಿ ತೋರಿಸುತ್ತಿದ್ದರು. ಆಗ ನೀರು ದೊಡ್ಡ ಅಣೆಕಟ್ಟಿನದೇ ಎನ್ನುವಂತೆ ಭಾರವಾಗಿ ಬೀಳುತ್ತಿತ್ತು. ಹುಡುಗರು ಗೊತ್ತಿಲ್ಲದೆ ರಾಕ್ಷಸಿಯೊಬ್ಬಳ ಚಿತ್ರ ತೆಗೆದಿದ್ದಾರೆ, ಅಷ್ಟೇ.

ಕಣದ_ಹುಡುಗ

ಗಂಟುಗಾರರಿಗೆ ದೊಡ್ಡ ನಮಸ್ಕಾರ. 0.01 ಹಾಕಿದೆ, ಕಾಳು ಕಾಳಿನಂತೆ ಬಿತ್ತು. ಆದರೆ ಈಗ ಹೊಟ್ಟೂ ಕಾಳಿನಂತೆಯೇ ಬೀಳುತ್ತಿದೆ. ಹೊಟ್ಟಿನ ಮಾಸ್ ಅನ್ನು 1ರಿಂದ 0.05ಕ್ಕೆ ಇಳಿಸಿದರೂ ಗಾಳಿಯಿಲ್ಲದಾಗ ಎರಡೂ ಒಂದೇ ಫ್ರೇಮಿನಲ್ಲಿ ನೆಲ ಮುಟ್ಟುತ್ತವೆ. ಹಗುರವಾದದ್ದು ನಿಧಾನವಾಗಿ ಬೀಳಬೇಕಲ್ಲವೇ?

ಲೆಕ್ಕದ_ಮೇಷ್ಟ್ರು

ಹೌದೆಂದು ಎರಡು ಸಾವಿರ ವರ್ಷ ಜನ ನಂಬಿದ್ದರು, ಆದ್ದರಿಂದ ನಾಚಿಕೊಳ್ಳಬೇಕಾಗಿಲ್ಲ. ನಾನು ಅನಿಮೇಶನ್‌ನವನಲ್ಲ, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಮಗಳು ಈ ವಿದ್ಯೆ ಕಲಿಯುತ್ತಿರುವುದರಿಂದ ಇಲ್ಲಿ ಓದಿಕೊಂಡಿರುತ್ತೇನೆ. ಈ ದೃಶ್ಯ ಮಾತ್ರ ನನ್ನ ತರಗತಿಯ ಪಾಠವೇ ಆಗಿರುವುದರಿಂದ ಬಾಯಿ ಹಾಕುತ್ತಿದ್ದೇನೆ.

ಗುರುತ್ವ ಹಗುರಕ್ಕೂ ಭಾರಕ್ಕೂ ಒಂದೇ ವೇಗೋತ್ಕರ್ಷ ಕೊಡುತ್ತದೆ. ತೂರುವಾಗ ಕಾಳನ್ನು ಹೊಟ್ಟಿನಿಂದ ಬೇರ್ಪಡಿಸುವುದು ತೂಕವೊಂದೇ ಅಲ್ಲ, ತೂಕಕ್ಕೂ ಗಾಳಿಯ ಎಳೆತಕ್ಕೂ ಇರುವ ಅನುಪಾತ. ಎಳೆತವನ್ನೇ ಇಡದೆ ನೀವು ಮಾಸ್ ಎಷ್ಟು ಇಳಿಸಿದರೂ ಅದು ನಿರ್ವಾತದಲ್ಲಿ ತೂರಿದಂತೆ, ಅಲ್ಲಿ ಯಾವ ಅಜ್ಜಿಯೂ ರಾಶಿ ಮಾಡಲಾರಳು.

ಇನ್ನು ನಿಮ್ಮ ರಾಕೆಟ್ಟಿನ ವಿಷಯ. ನೀವು ವಿವರಿಸಿದಂತೆ ಯೂನಿಫಾರ್ಮ್ ಫೀಲ್ಡ್ ಎಂಬುದು ಬೆನ್ನ ಹಿಂದೆ ನಿಂತು ಸದಾ ತಳ್ಳುವ ಬಲ. ತಳ್ಳುತ್ತಲೇ ಇದ್ದರೆ ವೇಗ ಏರುತ್ತಲೇ ಇರುತ್ತದೆ. ಗಾಳಿ ಹಾಗಲ್ಲ. ಅದು ತನ್ನ ವೇಗಕ್ಕೂ ವಸ್ತುವಿನ ವೇಗಕ್ಕೂ ಇರುವ ವ್ಯತ್ಯಾಸಕ್ಕೆ ತಕ್ಕಂತೆ ತಳ್ಳುತ್ತದೆ, ಮತ್ತು ವಸ್ತು ಗಾಳಿಯಷ್ಟೇ ವೇಗ ಪಡೆದ ಮೇಲೆ ತಳ್ಳುವುದನ್ನು ನಿಲ್ಲಿಸುತ್ತದೆ. ಸೆಕೆಂಡಿಗೆ 2 ಮೀಟರ್ ಬೀಸುವ ಗಾಳಿಯಲ್ಲಿ ಹೊಟ್ಟು ಎಂದಿಗೂ 3 ಮೀಟರ್ ವೇಗದಲ್ಲಿ ಹಾರಲಾರದು.

ಒಂದು ಲೆಕ್ಕ ಮಾಡೋಣ. ಎಳೆತ ವೇಗಕ್ಕೆ ನೇರ ಅನುಪಾತದಲ್ಲಿದೆ ಎಂದುಕೊಳ್ಳಿ. ಆಗ ಪ್ರತಿ ವಸ್ತುವಿಗೂ ಒಂದೇ ಒಂದು ಅಂಕಿ ಸಾಕು: ಅದು ಗಾಳಿಗೆ ಎಷ್ಟು ಬೇಗ ಒಗ್ಗಿಕೊಳ್ಳುತ್ತದೆ ಎಂಬ ಕಾಲ. ಹೊಟ್ಟಿಗೆ ಅದನ್ನು 0.1 ಸೆಕೆಂಡು, ಕಾಳಿಗೆ 0.6 ಸೆಕೆಂಡು ಎಂದಿಡೋಣ. ಈ ಕಾಲವನ್ನು 9.8ರಿಂದ ಗುಣಿಸಿದರೆ ಬೀಳುವಾಗಿನ ಗರಿಷ್ಠ ವೇಗ ಸಿಗುತ್ತದೆ. ಹೊಟ್ಟಿಗೆ ಸೆಕೆಂಡಿಗೆ ಸುಮಾರು 1 ಮೀಟರ್, ಕಾಳಿಗೆ ಸುಮಾರು 6 ಮೀಟರ್. 1.8 ಮೀಟರ್ ಎತ್ತರದಿಂದ, 2 ಮೀಟರ್ ವೇಗದ ಗಾಳಿಯಲ್ಲಿ ಬಿಟ್ಟರೆ ಕಾಳು 17-18 ಫ್ರೇಮಿನಲ್ಲಿ, ಸುಮಾರು 60 ಸೆಂಟಿಮೀಟರ್ ಆಚೆ ಬೀಳುತ್ತದೆ. ಹೊಟ್ಟು 46-47 ಫ್ರೇಮ್ ತೆಗೆದುಕೊಂಡು ಮೂರೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಹೋಗಿ ಬೀಳುತ್ತದೆ. ಒಂದು ರಾಶಿ ಇಲ್ಲಿ, ಇನ್ನೊಂದು ಅಲ್ಲಿ. ನಿಮಗೆ ಬೇಕಾಗಿದ್ದ ದೃಶ್ಯ ಇದೇ ಅಲ್ಲವೇ?

ಕಣದ_ಹುಡುಗ

ಮೇಷ್ಟ್ರೇ, ಪಿಯುಸಿಯಲ್ಲಿ ನೀವು ಸಿಕ್ಕಿದ್ದರೆ ನನ್ನ ಅಂಕಪಟ್ಟಿಯೇ ಬೇರೆಯಾಗಿರುತ್ತಿತ್ತು.

ವ್ಯಾಂಕೂವರ್_ಚಳಿ

ಮೇಷ್ಟ್ರ ಲೆಕ್ಕ ಚೆನ್ನಾಗಿದೆ, ಆದರೆ ಒಂದು ತಿದ್ದುಪಡಿ ಬೇಕು. ರಾಗಿ ಕಾಳಿನ ಗಾತ್ರ ಮತ್ತು ವೇಗಕ್ಕೆ ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ನೇರವಾಗಿ ಅಲ್ಲ. ಅದೇ ಗರಿಷ್ಠ ವೇಗ ಇಟ್ಟುಕೊಂಡು ವರ್ಗದ ಲೆಕ್ಕ ಮಾಡಿದರೆ, ಗಾಳಿ ನಿಂತಿರುವಾಗ ಕಾಳು 0.66 ಸೆಕೆಂಡಿನಲ್ಲಿ, ಅಂದರೆ 16 ಫ್ರೇಮಿಗೇ ನೆಲ ಮುಟ್ಟುತ್ತದೆ.

ಲೆಕ್ಕದ_ಮೇಷ್ಟ್ರು

ಒಪ್ಪಿದೆ. ಲೆಕ್ಕ ಕಾಗದದ ಮೇಲೆ ಮುಗಿಯಲಿ ಎಂದು ಸರಳ ಮಾಡಿದೆ. ತರಗತಿಯಲ್ಲಿಯೂ ಇದೇ ಕಳ್ಳತನ ಮಾಡುತ್ತೇನೆ.

ಮೂರನೇ_ಪಾಳಿ

ಎರಡು ಫ್ರೇಮಿನ ವ್ಯತ್ಯಾಸಕ್ಕೆ ಇಷ್ಟು ಗಂಭೀರವಾದ ತಿದ್ದುಪಡಿಯೇ! ನಿರ್ದೇಶಕರು ಬಂದು 'ಹೊಟ್ಟು ಸ್ವಲ್ಪ ಹೆಚ್ಚು ಹೊತ್ತು ಗಾಳಿಯಲ್ಲಿ ಇರಲಿ' ಎಂದರೆ ನೇರ ಅನುಪಾತವೂ ಹೋಯಿತು, ವರ್ಗವೂ ಹೋಯಿತು.

ವ್ಯಾಂಕೂವರ್_ಚಳಿ

ಹೋಗುವುದಿಲ್ಲ, ಅಲ್ಲಿಯೇ ಇರುವುದು ವಿಷಯ. ನಿಜವಾದ ಅಂಕಿ ಗೊತ್ತಿರುವವನು ಹೊಟ್ಟಿನ ಕಾಲವನ್ನು 0.1ರಿಂದ 0.07ಕ್ಕೆ ಇಳಿಸುತ್ತಾನೆ. ಗೊತ್ತಿಲ್ಲದವನು ಗುರುತ್ವವನ್ನು ಅರ್ಧ ಮಾಡುತ್ತಾನೆ, ಆಗ ಕಾಳೂ ತೇಲತೊಡಗಿ ಇಡೀ ದೃಶ್ಯ ಚಂದ್ರನ ಮೇಲೆ ನಡೆದಂತೆ ಆಗುತ್ತದೆ. ನಾನು ಇಲ್ಲಿ ಎಫೆಕ್ಟ್ಸ್ ವಿಭಾಗದಲ್ಲಿ ಒಂಬತ್ತು ವರ್ಷ ಕಳೆದಿದ್ದೇನೆ, ಸಂದರ್ಶನಗಳಲ್ಲಿಯೂ ಕುಳಿತಿದ್ದೇನೆ. ಸುಂದರವಾದ ಸ್ಫೋಟ ತೋರಿಸಿದವರನ್ನು 'ಇದನ್ನು ಅರ್ಧ ಸೆಕೆಂಡು ತಡವಾಗಿ, ಎಡಕ್ಕೆ ವಾಲುವಂತೆ ಮಾಡಲು ಏನು ಬದಲಾಯಿಸುತ್ತೀರಿ' ಎಂದು ಕೇಳಿದರೆ ಅರ್ಧ ಜನ ಮೌನವಾಗುತ್ತಾರೆ.

ಗಂಟುಗಾರ

ಹುಡುಗರಿಗೆ ಕೈಕೆಲಸದ ಮಾತು. ಕಾಳಿಗೊಂದು, ಹೊಟ್ಟಿಗೊಂದು ಪ್ರತ್ಯೇಕ ಎನ್‌ಪಾರ್ಟಿಕಲ್ ವಸ್ತು ಮಾಡಿ. ಯೂನಿಫಾರ್ಮ್ ಫೀಲ್ಡನ್ನು ಅಳಿಸಿ ನ್ಯೂಕ್ಲಿಯಸ್‌ನದೇ ಗಾಳಿಯನ್ನು ಬಳಸಿ. ಕನ್ಸರ್ವ್ ಅನ್ನು 1ರಲ್ಲೇ ಬಿಡಿ, ಅದು ಎಳೆತವಲ್ಲ, ಬೀಳುವ ವೇಗವನ್ನೂ ಹಾರುವ ವೇಗವನ್ನೂ ವಿವೇಚನೆಯಿಲ್ಲದೆ ತಿನ್ನುವ ಕತ್ತರಿ. ಆಮೇಲೆ ಒಂದೇ ಒಂದು ಹೊಟ್ಟನ್ನು ಬಿಟ್ಟು, ಅದು 46 ಫ್ರೇಮ್ ತೆಗೆದುಕೊಳ್ಳುವ ತನಕ ಡ್ರ್ಯಾಗ್ ಎಂಬ ಎಳೆತದ ಗುಂಡಿಯನ್ನು ತಿರುಗಿಸಿ. ಒಂದು ಕಣ ಸರಿಯಾಗಿ ಬೀಳುವ ಮೊದಲು ಹತ್ತು ಲಕ್ಷ ಕಣ ಹೊರಡಿಸುವುದು ಎಲ್ಲ ಹೊಸಬರ ಕಾಯಿಲೆ.

ಸಾಧ್ಯವಾದರೆ ನಿಜವಾದ ಹೊಟ್ಟನ್ನು ಮನೆಯ ಬಾಗಿಲಿನ ಎತ್ತರದಿಂದ ಬಿಟ್ಟು ಫೋನಿನ ಸ್ಲೋ ಮೋಶನ್‌ನಲ್ಲಿ ತೆಗೆಯಿರಿ. 240ರಲ್ಲಿ ತೆಗೆದರೆ ಅದರ ಹತ್ತು ಫ್ರೇಮ್ ನಿಮ್ಮ ಒಂದು ಫ್ರೇಮ್.

ಬ್ಲೆಂಡರ್_ಬಂಟ

ನನ್ನನ್ನು ಗೇಲಿ ಮಾಡಿದಿರಿ, ಸರಿ. ಈಗ ನನ್ನ ವಾದವನ್ನು ಪೂರ್ತಿ ಕೇಳಿ. ನಾನು ಬ್ಲೆಂಡರ್ ಎಂದದ್ದು ಹಣದ ಕಾರಣಕ್ಕಷ್ಟೇ ಅಲ್ಲ. 2023ರಲ್ಲಿ ಬಂದ 3.6 ಆವೃತ್ತಿಯಿಂದ, ನೋಡುಗಳನ್ನು ಜೋಡಿಸಿ ಲೆಕ್ಕ ಕಟ್ಟುವ ಜಿಯಾಮೆಟ್ರಿ ನೋಡ್ಸ್‌ನಲ್ಲಿ ಸಿಮ್ಯುಲೇಶನ್ ವಲಯ ಎಂಬುದೊಂದಿದೆ. ಅದರೊಳಗೆ ಯಾವ ಸಿದ್ಧ ಸಾಲ್ವರೂ ಇರುವುದಿಲ್ಲ. ಹಿಂದಿನ ಫ್ರೇಮಿನ ಸ್ಥಾನ ಮತ್ತು ವೇಗ ಕೈಗೆ ಸಿಗುತ್ತವೆ, ಮುಂದಿನದನ್ನು ನೀವೇ ಲೆಕ್ಕ ಹಾಕಿ ಕೊಡಬೇಕು. ಗಾಳಿಯ ವೇಗದಿಂದ ಕಣದ ವೇಗವನ್ನು ಕಳೆದು, ಮೇಷ್ಟ್ರು ಹೇಳಿದ ಕಾಲದಿಂದ ಭಾಗಿಸಿ, ಗುರುತ್ವ ಕೂಡಿಸಿ, ಅದನ್ನು ಒಂದು ಹೆಜ್ಜೆಯ ಕಾಲದಿಂದ ಗುಣಿಸಿ ವೇಗಕ್ಕೆ ಸೇರಿಸಿ, ವೇಗವನ್ನೂ ಹಾಗೆಯೇ ಗುಣಿಸಿ ಸ್ಥಾನಕ್ಕೆ ಸೇರಿಸಿದರೆ ಆಯಿತು. ಏಳೆಂಟು ನೋಡುಗಳಲ್ಲಿ ಇಡೀ ಡೈನಾಮಿಕ್ಸ್ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಆರು ವಾರದ ಪಾಠ ಮಾಡದ ಕೆಲಸವನ್ನು ಇದು ಒಂದು ಸಂಜೆಯಲ್ಲಿ ಮಾಡುತ್ತದೆ.

ಗಂಟುಗಾರ

ಇದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ, ಮೊದಲೇ ಹೀಗೆ ಹೇಳಬಾರದಿತ್ತೇ? ಹೂಡಿನಿಯಲ್ಲಿ ಸಾಲ್ವರ್ ಸಾಪ್ ಎಂಬ ನೋಡಿನ ಒಳಗೆ, ಅದರದೇ ಭಾಷೆಯಾದ ವೆಕ್ಸ್‌ನಲ್ಲಿ ನಾಲ್ಕು ಸಾಲು ಬರೆದರೂ ಇದೇ ಅನುಭವವಾಗುತ್ತದೆ. ಅಪ್ರೆಂಟಿಸ್ ಆವೃತ್ತಿ ಕಲಿಯುವವರಿಗೆ ಉಚಿತ, ರೆಂಡರ್ ಮೇಲೆ ನೀರುಗುರುತು ಬರುತ್ತದೆ.

ಆದರೆ ಸ್ವಂತ ಸಾಲ್ವರ್ ಬರೆದವರಿಗೆ ಎರಡನೆಯ ದಿನವೇ ಒಂದು ಆಘಾತ ಕಾದಿರುತ್ತದೆ. ಹೊಟ್ಟಿನ ನಂತರ ನೀವು ದೂಳಿಗೆ ಕೈ ಹಾಕುತ್ತೀರಿ. ದೂಳು ಗಾಳಿಗೆ ತಕ್ಷಣ ಒಗ್ಗುತ್ತದೆ ಎಂದು ಅದರ ಕಾಲವನ್ನು 0.01 ಸೆಕೆಂಡು ಇಡುತ್ತೀರಿ. ನಿಮ್ಮ ಒಂದು ಫ್ರೇಮ್ 0.042 ಸೆಕೆಂಡು. ಒಂದೇ ಹೆಜ್ಜೆಯಲ್ಲಿ ವೇಗದ ವ್ಯತ್ಯಾಸದ ನಾಲ್ಕು ಪಟ್ಟನ್ನು ತಿದ್ದಲು ಹೊರಟ ಕಣ ಗಾಳಿಯ ವೇಗವನ್ನು ದಾಟಿ ಎದುರು ದಿಕ್ಕಿಗೆ ಹೋಗುತ್ತದೆ, ಮುಂದಿನ ಹೆಜ್ಜೆಯಲ್ಲಿ ಇನ್ನೂ ಹೆಚ್ಚು ಹಿಂದಕ್ಕೆ, ಮತ್ತೆ ಇನ್ನೂ ಹೆಚ್ಚು ಮುಂದಕ್ಕೆ. ಹತ್ತು ಫ್ರೇಮಿನೊಳಗೆ ದೂಳು ನಕ್ಷತ್ರ ಮಂಡಲ ಸೇರಿರುತ್ತದೆ. ಹೆಜ್ಜೆ ಆ ಕಾಲದ ಎರಡು ಪಟ್ಟಿಗಿಂತ ಚಿಕ್ಕದಿರಬೇಕು ಎಂಬುದು ಇಲ್ಲಿನ ಕಟ್ಟು. ಸಿಡಿಯದಿರಲು ಫ್ರೇಮಿಗೆ ಕನಿಷ್ಠ ಮೂರು ಉಪಹೆಜ್ಜೆ ಬೇಕು, ಓಲಾಡದೆ ನೆಟ್ಟಗೆ ಹೋಗಲು ಐದು ಬೇಕು. ಅಥವಾ ವ್ಯತ್ಯಾಸ ಘಾತೀಯವಾಗಿ ಕರಗುವ ನಿಖರ ಸೂತ್ರವನ್ನೇ ಬರೆದರೆ ಉಪಹೆಜ್ಜೆಯ ಹಂಗಿಲ್ಲದೆ ಸ್ಥಿರವಾಗಿರುತ್ತದೆ. ಸಬ್‌ಸ್ಟೆಪ್ ಗುಂಡಿ ಏಕಿದೆ ಎಂದು ನನಗೆ ಅರ್ಥವಾದದ್ದು ಹೀಗೆ ಒಮ್ಮೆ ಸಿಡಿಸಿಕೊಂಡ ಮೇಲೆಯೇ.

ಸುಮ್ಮನೆ_ಓದುಗ

ಹುಡುಗ ಕೇಳಿದ ಮಿಣುಕುವ ಗಾತ್ರದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಮೂರನೇ_ಪಾಳಿ

ಉತ್ತರಿಸುತ್ತೇನೆ, ಇದು ನನ್ನ ಹಳೆಯ ಶತ್ರು. ನೀವು ಗಾತ್ರಕ್ಕೆ ಮನಬಂದ ಸಂಖ್ಯೆ ಕೊಡುವ ರ‍್ಯಾಂಡ್ ಹಾಕಿರುವುದು ರನ್‌ಟೈಮ್ ಎಕ್ಸ್‌ಪ್ರೆಶನ್‌ನಲ್ಲಿ. ಅದು ಪ್ರತಿ ಫ್ರೇಮಿಗೂ ಓಡುತ್ತದೆ, ಪ್ರತಿ ಸಲವೂ ಹೊಸ ಸಂಖ್ಯೆ ಕೊಡುತ್ತದೆ. ಅದನ್ನು ಕ್ರಿಯೇಶನ್ ಎಕ್ಸ್‌ಪ್ರೆಶನ್‌ಗೆ ಸಾಗಿಸಿ. ಆಗ ಕಣ ಹುಟ್ಟುವಾಗ ಒಮ್ಮೆ ಮಾತ್ರ ಗಾತ್ರ ನಿರ್ಧಾರವಾಗಿ ಸಾಯುವ ತನಕ ಹಾಗೇ ಉಳಿಯುತ್ತದೆ. ಹೂಡಿನಿಗೆ ಹೋದವರಿಗೆ ಇದೇ ರೋಗ ಬೇರೆ ವೇಷದಲ್ಲಿ ಬರುತ್ತದೆ. ಬಿಂದುವಿನ ಕ್ರಮಸಂಖ್ಯೆಯನ್ನು ಬೀಜವಾಗಿ, ಅಂದರೆ ಸಂಖ್ಯೆ ಹುಟ್ಟಿಸುವ ಮೂಲವಾಗಿ ಕೊಟ್ಟರೆ, ಮಧ್ಯದಲ್ಲಿ ಒಂದು ಕಣ ಸತ್ತ ಕ್ಷಣ ಅದರ ಹಿಂದಿನವರೆಲ್ಲ ಒಂದು ಸ್ಥಾನ ಮುಂದೆ ಸರಿದು ಒಬ್ಬರ ಗಾತ್ರ ಇನ್ನೊಬ್ಬರಿಗೆ ಹೋಗುತ್ತದೆ. ರೇಷನ್ ಅಂಗಡಿಯ ಸಾಲಿನಂತೆ. ಅಲ್ಲಿ ಸಾಲಿನ ಸ್ಥಾನವನ್ನಲ್ಲ, ಕಾರ್ಡಿನ ಸಂಖ್ಯೆಯನ್ನು, ಅಂದರೆ ಐಡಿಯನ್ನು ಬಳಸಬೇಕು.

ಇನ್ನೂ ಒಂದು ಮಾತು. ಅಜ್ಜಿ ಮೊರವನ್ನು ಬೇಗ ಬೇಗ ಅಲುಗಾಡಿಸಿದರೆ ನಿಮ್ಮ ಕಾಳು ಪಟ್ಟಿ ಪಟ್ಟಿಯಾಗಿ ಬೀಳುತ್ತಿರಬೇಕು, ಗಮನಿಸಿ. ಫ್ರೇಮಿಗೆ ಒಮ್ಮೆ ಮಾತ್ರ ಹೊರಡಿಸಿದರೆ ಒಂದೊಂದು ಫ್ರೇಮಿನ ಗುಂಪೂ ಒಂದೊಂದು ತೆರೆಯಂತೆ ಇಳಿಯುತ್ತದೆ. ಹುಟ್ಟುವ ಕ್ಷಣವನ್ನು ಫ್ರೇಮಿನೊಳಗೇ ಹಿಂದೆ ಮುಂದೆ ಹರಡಬೇಕು, ಮೊರದ ವೇಗದಲ್ಲಿ ಒಂದು ಪಾಲು ಕಾಳಿಗೂ ಬರಬೇಕು.

ಹೇಮಾವತಿ_ದಂಡೆ

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನಮ್ಮ ಕಡೆ ಈಗ ಕಣವೇ ಇಲ್ಲ, ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ ಹರಡಿದರೆ ಬಸ್ಸು ಕಾರುಗಳೇ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಮೇಟಿ ಕಂಬ, ರೋಣಗಲ್ಲು ಇರುವ ಕಣವನ್ನು ಮಾಡೆಲ್ ಮಾಡಿದ್ದೀರಾ ಅಥವಾ ರಸ್ತೆಯನ್ನೇ?

ಕಣದ_ಹುಡುಗ

ಸಗಣಿ ಸಾರಿಸಿದ ಕಣವನ್ನೇ ಮಾಡಿದ್ದೇನೆ. ಮೇಟಿಯೂ ಇದೆ.

ಮೂರನೇ_ಪಾಳಿ

ರಸ್ತೆಯಾಗಿದ್ದರೆ ರಿಜಿಡ್ ಬಾಡಿ, ಅಂದರೆ ಗಟ್ಟಿ ವಸ್ತುಗಳ ಚಲನೆಯ ಪಾಠವೂ ಒಟ್ಟಿಗೇ ಆಗುತ್ತಿತ್ತು.

ಸುಮ್ಮನೆ_ಓದುಗ

ಇಷ್ಟೆಲ್ಲ ಕಲಿತು ಕೆಲಸ ಎಲ್ಲಿದೆ ಎಂದು ಕೇಳಿದರೆ ಕೋಪ ಮಾಡಿಕೊಳ್ಳಬೇಡಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅಷ್ಟು ದೊಡ್ಡ ಸ್ಟುಡಿಯೊ ಒಮ್ಮೆಲೇ ಬಾಗಿಲು ಹಾಕಿದಾಗ ನನ್ನ ಪರಿಚಯದ ನಾಲ್ವರು ಬೀದಿಗೆ ಬಂದರು. ಈಗ ಒಂದು ವಾಕ್ಯ ಬರೆದರೆ ವಿಡಿಯೊ ಮಾಡಿಕೊಡುವ ಯಂತ್ರಗಳೂ ಬಂದಿವೆ.

ವ್ಯಾಂಕೂವರ್_ಚಳಿ

ಕೋಪವಿಲ್ಲ, ನನ್ನ ಜೊತೆಯವರೂ ಆ ಹೊಡೆತ ತಿಂದಿದ್ದಾರೆ. ಇಲ್ಲಿಯೂ ಕೆಲಸ ಮೊದಲಿನಂತಿಲ್ಲ. ಆ ಯಂತ್ರಗಳನ್ನು ನಾನೂ ಬಳಸಿ ನೋಡಿದ್ದೇನೆ. ಗಾಳಿಯಲ್ಲಿ ಹಾರುವ ಹೊಟ್ಟನ್ನು ಮೊದಲ ನೋಟಕ್ಕೆ ಚೆನ್ನಾಗಿಯೇ ಕೊಡುತ್ತವೆ. 'ಎರಡನೆಯ ಸಲ ಮೊರ ಎತ್ತಿದಾಗ ಮಾತ್ರ ಕಡಿಮೆ ಹಾರಲಿ, ಉಳಿದದ್ದು ಹಾಗೇ ಇರಲಿ' ಎಂದರೆ ಹೊಸ ಅಜ್ಜಿಯನ್ನೇ ತಂದು ನಿಲ್ಲಿಸುತ್ತವೆ. ಈ ಸ್ಥಿತಿ ಎಷ್ಟು ಕಾಲ ಇರುತ್ತದೆ ಎಂದು ಪಣ ಕಟ್ಟುವ ಧೈರ್ಯ ನನಗಿಲ್ಲ.

ಬ್ಲೆಂಡರ್_ಬಂಟ

ಕರ್ನಾಟಕ 2012ರಲ್ಲೇ ಅನಿಮೇಶನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ರಾಜ್ಯ. ನೀತಿ ಬಂತು, ಹುಡುಗರಿಗೆ ಗುಂಡಿ ಒತ್ತುವುದನ್ನು ಕಲಿಸುವ ಕೋಣೆಗಳೂ ಬಂದವು, ಒತ್ತಿದರೆ ಏನಾಗುತ್ತದೆ ಎಂದು ಹೇಳುವವರು ಮಾತ್ರ ಬರಲಿಲ್ಲ.

ಲೆಕ್ಕದ_ಮೇಷ್ಟ್ರು

ಒಳ್ಳೆಯ ಪಾಠ ಮಾಡುವವರು ಇದ್ದಾರೆ, ಎಲ್ಲರನ್ನೂ ಒಂದೇ ಮೊರದಲ್ಲಿ ಕೇರಬೇಡಿ. ಇರಲಿ, ಮಗಳು ತೋರಿಸಿದ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದ ವಿಲಿಯಂ ರೀವ್ಸ್ 1983ರಲ್ಲಿ ಬರೆದ ಪ್ರಬಂಧದಲ್ಲಿ ಪ್ರತಿ ಕಣಕ್ಕೂ ಇರಬೇಕಾದ ಗುಣಗಳನ್ನು ಹೇಳಿದ್ದಾರೆ: ಸ್ಥಾನ, ವೇಗ, ಗಾತ್ರ, ಬಣ್ಣ, ಪಾರದರ್ಶಕತೆ, ಆಕಾರ, ಆಯಸ್ಸು. ಬೆಂಕಿಯ ಗೋಡೆಯೊಂದು ಇಡೀ ಗ್ರಹವನ್ನು ಆವರಿಸುವ ಚಲನಚಿತ್ರ ದೃಶ್ಯವೊಂದಕ್ಕಾಗಿ ಅದರ ಹಿಂದಿನ ವರ್ಷ ಈ ವಿಧಾನವನ್ನು ರೂಪಿಸಿದ್ದರಂತೆ. ನಾಲ್ಕು ದಶಕ ಕಳೆದರೂ ಮಗಳ ಪರದೆಯ ಮೇಲೆ ಅದೇ ಪಟ್ಟಿ ಕಾಣುತ್ತದೆ. ಮಾಯಾ, ಹೂಡಿನಿ, ಬ್ಲೆಂಡರ್ ಎಂದು ನೀವು ಜಗಳವಾಡುವಾಗ ನನಗೆ ನಗು ಬರುವುದು ಇದಕ್ಕೇ.

ಕಣದ_ಹುಡುಗ

ದೂಳಿನ ಬಗ್ಗೆ ಕೇಳಬೇಕಿತ್ತು. ದೂಳಿಗೆ ಫ್ಲೂಯಿಡ್ (ಹೊಗೆಯಂತೆ ಹರಿಯುವ) ಸಿಮ್ಯುಲೇಶನ್ ಮಾಡಬೇಕೇ? ನನ್ನ ಯಂತ್ರದಲ್ಲಿ 16 ಜಿಬಿ ಮೆಮೊರಿ ಮಾತ್ರ ಇದೆ. ಹಾಗೆಯೇ ರಾಶಿಯ ಮೇಲೆ ಕಾಳು ಬಿದ್ದು ಗುಡ್ಡೆಯಾಗುವಂತೆ ಡಿಕ್ಕಿಗಳನ್ನು ಹಾಕಿದ ಕೂಡಲೇ ಎಲ್ಲವೂ ನಿಂತುಹೋಗುತ್ತದೆ.

ಗಂಟುಗಾರ

ಎರಡಕ್ಕೂ ಒಂದೇ ಉತ್ತರ: ಮಾಡದೆಯೇ ಮಾಡಿದಂತೆ ತೋರಿಸಿ.

ರಾಗಿಯ ಸಾವಿರ ಕಾಳು ಮೂರು ಗ್ರಾಂ ಆಸುಪಾಸು ತೂಗುತ್ತವೆ. ಅಂದರೆ ಕಿಲೋಗೆ ಮೂರು ಲಕ್ಷಕ್ಕೂ ಹೆಚ್ಚು ಕಾಳು. ರಾಶಿಯಲ್ಲಿ ಎಷ್ಟಿರುತ್ತವೆ ಎಂದು ನೀವೇ ಗುಣಿಸಿ. ಅವನ್ನೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆಸುವುದು ಹುಚ್ಚುತನ. ರಾಶಿಯನ್ನು ಒಂದು ಮಾಡೆಲ್ ಆಗಿ ಇಟ್ಟು ನಿಧಾನವಾಗಿ ಬೆಳೆಸಿ, ಮೇಲ್ಮೈ ಕಾಳು ಕಾಳಾಗಿ ಉಬ್ಬಿ ಕಾಣುವಂತೆ ಡಿಸ್‌ಪ್ಲೇಸ್‌ಮೆಂಟ್ ಕೊಡಿ, ಹಾರಿ ಬಂದ ಕಾಳು ಅದನ್ನು ಮುಟ್ಟಿದ ಕೂಡಲೇ ಸಾಯಲಿ. ನೂರಕ್ಕೆ ಐದು ಕಾಳು ಮಾತ್ರ ಪುಟಿದು ಇಳಿಜಾರಿನಲ್ಲಿ ಉರುಳಲಿ. ಕಣ್ಣು ಆ ಐದನ್ನೇ ನೋಡಿ ಉಳಿದ ತೊಂಬತ್ತೈದನ್ನೂ ನಂಬುತ್ತದೆ. ಇನ್ನೊಂದು ಎಚ್ಚರಿಕೆ: ನೆಲ ಮುಟ್ಟುವ ಹೊತ್ತಿಗೆ ಕಾಳು ಸೆಕೆಂಡಿಗೆ 4 ಮೀಟರ್ ವೇಗದಲ್ಲಿರುತ್ತದೆ, ಫ್ರೇಮಿಗೆ 17 ಸೆಂಟಿಮೀಟರ್. ತೆಳುವಾದ ಹಾಳೆಯನ್ನು ನೆಲವಾಗಿ ಇಟ್ಟರೆ ಎರಡು ಹೆಜ್ಜೆಗಳ ನಡುವೆ ಕಾಳು ಅದನ್ನು ತೂರಿಕೊಂಡು ಪಾತಾಳ ಸೇರಬಹುದು.

ವ್ಯಾಂಕೂವರ್_ಚಳಿ

ದೂಳಿಗೆ ನಾನು ಭಿನ್ನ ಮತ ಇಡುತ್ತೇನೆ. ಇಷ್ಟು ಹತ್ತಿರದ, ಬೆಳಕಿಗೆ ಎದುರಾದ ದೃಶ್ಯದಲ್ಲಿ ವಾಲ್ಯೂಮ್ ಇಲ್ಲದೆ ದೂಳು ಮಂಜಿನಂತೆ ಹರಡಿಕೊಳ್ಳುವುದಿಲ್ಲ, ಚುಕ್ಕೆಗಳಾಗಿಯೇ ಉಳಿಯುತ್ತದೆ. ಚಿಕ್ಕ ಗ್ರಿಡ್ಡಿನಲ್ಲಾದರೂ ಹೊಗೆಯ ಸಾಲ್ವರ್ ಓಡಿಸಿ. 1999ರಲ್ಲಿ ಜೋಸ್ ಸ್ಟ್ಯಾಮ್ ದೊಡ್ಡ ಹೆಜ್ಜೆಯಲ್ಲೂ ಸಿಡಿಯದ ವಿಧಾನವನ್ನು ತೋರಿಸಿಕೊಟ್ಟ ಮೇಲೆ ಇದು ಸಾಮಾನ್ಯ ಯಂತ್ರಗಳಿಗೂ ಎಟುಕಿದೆ.

ಗಂಟುಗಾರ

16 ಜಿಬಿಯಲ್ಲಿ? ವಾಕ್ಸೆಲ್, ಅಂದರೆ ಗ್ರಿಡ್ಡಿನ ಒಂದು ಮನೆಯ ಅಳತೆಯನ್ನು ಅರ್ಧ ಮಾಡಿದರೆ ಮೆಮೊರಿ ಎಂಟು ಪಟ್ಟಾಗುತ್ತದೆ, ಹೆಜ್ಜೆಯನ್ನೂ ಅರ್ಧ ಮಾಡಿದರೆ ಕಾಲ ಹದಿನಾರು ಪಟ್ಟಾಗುತ್ತದೆ. ನಿಮ್ಮ ಕೈಯಲ್ಲಿ ಸ್ಟುಡಿಯೊದ ಫಾರ್ಮ್, ಅಂದರೆ ಕಂಪ್ಯೂಟರುಗಳ ಸಾಲೇ ಇದೆ, ಆ ಹುಡುಗನ ಕೈಯಲ್ಲಿ ಇರುವುದು ಒಂದು ಲ್ಯಾಪ್‌ಟಾಪ್. ಕಣಗಳನ್ನೇ ಹೆಚ್ಚಿಸಿ, ತೀರ ಪಾರದರ್ಶಕವಾಗಿಸಿ, ಕರ್ಲ್ ನಾಯ್ಸ್‌ನಲ್ಲಿ ತೇಲಿಬಿಡಲಿ. ಆ ನಾಯ್ಸ್‌ನ ಗುಣವೇ ಅದು: ಎಲ್ಲಿಯೂ ಒತ್ತಾಗದೆ, ಎಲ್ಲಿಯೂ ಬರಿದಾಗದೆ ಸುರುಳಿ ಸುತ್ತುತ್ತದೆ.

ವ್ಯಾಂಕೂವರ್_ಚಳಿ

ಲ್ಯಾಪ್‌ಟಾಪ್ ಎಂಬುದನ್ನು ಮರೆತೆ. ಹಾಗಾದರೆ ನಿಮ್ಮ ಮಾತೇ ಸರಿ. ಗಾಳಿಯ ವೇಗವನ್ನು ಮಾತ್ರ ಒಂದೇ ಸಮ ಇಡಬೇಡಿ. ಅಜ್ಜಿಯರು ಗಾಳಿ ಬೀಸುವ ತನಕ ಮೊರ ಹಿಡಿದು ಕಾಯುತ್ತಾರೆ, ಬೀಸಿದಾಗ ಅಲುಗಿಸುತ್ತಾರೆ. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯನ್ನು ಎರಡು ಕೀಗಳಾಗಿ ಹಾಕಿ: ಗಾಳಿಯ ವೇಗ ಏರಿದ ನಾಲ್ಕು ಫ್ರೇಮಿನ ನಂತರ ಹೊರಡುವ ಕಾಳಿನ ಪ್ರಮಾಣ ಏರಲಿ.

ಮೂರನೇ_ಪಾಳಿ

ಕ್ಯಾಶ್ (ಲೆಕ್ಕ ಹಾಕಿ ಉಳಿಸಿಟ್ಟ ಚಲನೆ) ಬರೆಯುವ ಮುನ್ನ ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ಸ್ಥಾನ, ವೇಗ, ತಿರುವು, ಗಾತ್ರ, ಐಡಿ, ವಯಸ್ಸು, ಆಯಸ್ಸು ಸೇರಿ ಕಣಕ್ಕೆ 56 ಬೈಟ್. ಹತ್ತು ಲಕ್ಷ ಕಣಕ್ಕೆ ಫ್ರೇಮಿಗೆ 56 ಎಂಬಿ, 240 ಫ್ರೇಮಿಗೆ ಹದಿಮೂರು ಜಿಬಿಗೂ ಹೆಚ್ಚು. ವೇಗವನ್ನು ಉಳಿಸಲು ಮರೆತರೆ ಮೋಶನ್ ಬ್ಲರ್ ಬರುವುದಿಲ್ಲ, ಹೊಟ್ಟು ಗಾಜಿನ ಚೂರಿನಂತೆ ಕಾಣುತ್ತದೆ.

ಕಣದ_ಹುಡುಗ

ಎಂಟು ದಿನದ ನಂತರ ಬರೆಯುತ್ತಿದ್ದೇನೆ. ಹೊಟ್ಟನ್ನು ಬಾಗಿಲಿನ ಮೇಲಿಂದ ಬಿಟ್ಟು ಫೋನಿನಲ್ಲಿ ತೆಗೆದೆ. ಅದು ನೇರವಾಗಿ ಬೀಳದೆ ಮಗುಚಿ ಮಗುಚಿ ಹಾಯಿಯಂತೆ ಅತ್ತಿತ್ತ ಜಾರುತ್ತದೆ ಎಂದು ಗೊತ್ತಾಯಿತು, ಆದ್ದರಿಂದ ಅದಕ್ಕೆ ತಿರುಗುವ ಚಲನೆ ಸೇರಿಸಿದೆ. ಬ್ಲೆಂಡರ್‌ನಲ್ಲಿ ಬಂಟರು ಹೇಳಿದ ಏಳೆಂಟು ನೋಡುಗಳನ್ನು ಕಟ್ಟಿ, ದೂಳನ್ನು ನಕ್ಷತ್ರ ಮಂಡಲಕ್ಕೂ ಕಳಿಸಿ ಬಂದೆ. ಮಾಯಾದಲ್ಲಿ ಈಗ ಕಾಳು ಕಾಲ ಬಳಿ, ಹೊಟ್ಟು ಮೂರೂವರೆ ಮೀಟರ್ ಆಚೆ ಬೀಳುತ್ತಿವೆ. ರಾಶಿ ಸುಳ್ಳು ರಾಶಿಯೇ, ಆದರೆ ನಮ್ಮ ತರಗತಿಯಲ್ಲಿ ಯಾರೂ ಹಿಡಿಯಲಿಲ್ಲ.

ಹಿಡಿದದ್ದು ಊರಿನಲ್ಲಿರುವ ನನ್ನ ಅಜ್ಜಿ. ಫೋನಿನಲ್ಲಿ ತೋರಿಸಿದೆ. ಎರಡು ಸಲ ನೋಡಿ, 'ಯಾರೋ ಮಗ ಇವಳು, ಗಾಳಿಗೆ ಮುಖ ಕೊಟ್ಟು ತೂರುತ್ತಾ ಇದ್ದಾಳೆ? ಹೊಟ್ಟೆಲ್ಲ ಕಣ್ಣಿಗೆ ಬೀಳಲ್ವಾ?' ಎಂದು ಕೇಳಿದಳು. ಸಂಜೆ ಬಿಸಿಲಿನಲ್ಲಿ ಹೊಟ್ಟು ಮುಖದ ಸುತ್ತ ಹೊಳೆಯಲಿ ಎಂಬ ಆಸೆಯಿಂದ ಗಾಳಿಯನ್ನು ಎದುರಿನಿಂದ ಬೀಸಿದ್ದೆ. ಈಗ ಏನು ಮಾಡಲಿ?

ಗಂಟುಗಾರ

ಅಜ್ಜಿಯನ್ನು ತಿರುಗಿಸಬೇಡಿ, ಅನಿಮೇಶನ್ ಪೂರ್ತಿ ಹಾಳಾಗುತ್ತದೆ. ಗಾಳಿಯನ್ನು ತಿರುಗಿಸಿ, ಬೆನ್ನ ಹಿಂದಿನಿಂದ ಸ್ವಲ್ಪ ಓರೆಯಾಗಿ ಬರಲಿ. ಹೊಟ್ಟು ಮುಂದಕ್ಕೆ ಹೋಗಿ ಕ್ಯಾಮೆರಾ ಪಕ್ಕದಲ್ಲೇ ಬಿಸಿಲಿಗೆ ಸಿಗುತ್ತದೆ. ಒಂದು ಅಂಕಿ ಬದಲಾಯಿಸಿ ಕ್ಯಾಶ್ ಮತ್ತೆ ಬರೆದರೆ ಆಯಿತು.

ಕಣದ_ಹುಡುಗ

ಸೀರೆಯ ಸೆರಗು ಎದುರು ಗಾಳಿಗೆ ಹಿಂದಕ್ಕೆ ಹಾರುವಂತೆ ಬಟ್ಟೆಯ ಸಿಮ್ಯುಲೇಶನ್ ಆಗಲೇ ಮುಗಿದಿದೆ. ಸ್ಪೇಸ್ ಸ್ಕೇಲ್ ಸರಿಪಡಿಸುವ ಮೊದಲೇ ಕ್ಯಾಶ್ ಮಾಡಿದ್ದೆ.

ಮೂರನೇ_ಪಾಳಿ

ಹಾಗಾದರೆ ಅದು ಇನ್ನೂ 150 ಮೀಟರ್ ರಾಕ್ಷಸಿಯ ಸೆರಗು. ಇವತ್ತು ರಾತ್ರಿ ನಾನು ಎಚ್ಚರವಾಗಿರುತ್ತೇನೆ, ಫೈಲ್ ಕಳಿಸಿ.